ಚಚಡಿಯಿಂದ ತಂದ ಪಂಪು

ನಮ್ಮನಿಯವರಿಗೆ ಇದ್ದದ್ದು ಒಂದ ಕಣ್ಣು. ಎಡಗಣ್ಣು ಸಾಲಿಗೆ ಹೋಗೂ ವಯಸ್ಸಿನಾಗ ಚಿಣ್ಣಿ-ದಾಂಡು ಆಡುಮುಂದ ಚಿಣ್ಣಿ ಬಡದು ಹೋಗಿತ್ತು. ಉಳಿದ ಬಲಗಣ್ಣಿನ ಮ್ಯಾಲೆ ಬೈಲಹೊಂಗಲದಾಗ ನಮ್ಮ ಸಂಸಾರ ನಡೀತಿತ್ತು. ಮನಿ ಹಿಂದ ತಗಡಿನ ಶೆಡ್ಡು, ಅದರಾಗ ಕಟ್ಟಿಗಿ ತಿರುವೂ ಲೇತು. ಮೊದಲ ಲಟ್ಟಣಿಗಿ, ಮಂಚದ ಕಾಲು, ತೊಟ್ಟಿಲ ಗುಂಡು ಮಾಡತಿದ್ರು. ಈಗ ಅವನ್ನ ಯಾರು ಕೇಳತಾರ? ಕಡೀಕ ಬೆಳಗಾವಿಯ ಒಂದು ಅಂಗಡಿಯವರು ಕಟ್ಟಿಗಿ ಬಟ್ಟಲು ಬೇಕಂದ್ರು, ಅದ ನಮ್ಮ ಕೈ ಹಿಡೀತು.

ಬಟ್ಟಲಿನ ಸಂಕಟ ಏನಂದ್ರ ಅದರ ಕುಂಡಿ. ಒಳಗ ಹೊರಗ ಕೆತ್ತೂತನಕ ಹಿಡಿಯಾಕ ಜಾಗಾ ಇರತೈತಿ. ತಳ ನುಣುಪು ಮಾಡಬೇಕಂದ್ರ ಬೋರಲ ಹಾಕಬೇಕು, ಆವಾಗ ಹಿಡಿಯಾಕ ಏನೂ ಇರೂದಿಲ್ಲ. ಇವರು ಕಟ್ಟಿಗಿಯೊಳಗ ಒಂದು ಗುಣಿ ಕೊರದು, ಬಟ್ಟಲಾ ಅದರಾಗ ಒತ್ತಿ ಕುಂಡ್ರಿಸಿ ತಿರುವತಿದ್ರು. ಆಗಾಗ ಒಂದು ಹಾರತಿತ್ತು. ಒಂದಿನ ಕಿವಿ ಸವರಿಕೊಂಡು ಹೋಗಿ ತಗಡಿಗೆ ಬಡೀತು. ನಾ ಶೆಡ್ಡಿನ ಬಾಗಲದಾಗ ನಿಂತು ಒದರಿದೆ. "ಇನ್ನ ಎಷ್ಟ ಕಣ್ಣು ಇಟಗೊಂಡೀರಿ ನೀವು? ಬ್ಯಾರೆ ಏನರ ದಾರಿ ಹುಡುಕ್ರಿ, ಇಲ್ಲಾಂದ್ರ ಬಂದ್ ಮಾಡ್ರಿ ಈ ಧಂಧೆ."

ದಾರಿ ಮೊಬೈಲಿನಾಗ ಸಿಕ್ಕಿತು. ವ್ಯಾಕ್ಯೂಮ್ ಚಕ್ ಅಂತ. ಲೇತಿನ ತುದಿಗೆ ಒಂದು ಡಬ್ಬಿ, ಅದರ ಬಾಯಿಗೆ ರಬ್ಬರು, ಹಿಂದ ಪೈಪು, ಪೈಪಿನ ಆ ಕಡೆ ಪಂಪು. ಪಂಪು ಗಾಳಿ ಜಗ್ಗಿದ್ರ ಬಟ್ಟಲು ಡಬ್ಬಿಗೆ ಅಂಟಿಕೊಂಡು ಕುಂಡ್ರತೈತಿ, ಕೈಲೆ ಎಳದ್ರೂ ಬರೂದಿಲ್ಲ. ನನಗ ಭಾಳ ಖುಷಿ ಆತು. "ಇದನ್ನ ತರಸ್ರಿ" ಅಂದೆ. ಪೂರಾ ಸೆಟ್ಟಿನ ರೇಟು ನೋಡಿ ಅವರು ಮೊಬೈಲು ಮಗ್ಗಲಕ ಇಟ್ಟು ಎಲಿ ಅಡಿಕಿ ಹಾಕೊಂಡ್ರು.

ಆಮ್ಯಾಲೆ ಸುರುವಾತು ನೋಡ್ರಿ ಸೋವಿ ಮಾಲಿನ ಹುಡುಕಾಟ. ಗುಜರಿಯಿಂದ ಹಳೇ ಫ್ರಿಜ್ಜಿನ ಕಂಪ್ರೆಸ್ಸರ್ ತಂದ್ರು. ಅದು ಅಜ್ಜನ ಉಸಿರಿನಂಗ ಮೆಲ್ಲಕ ಜಗ್ಗತಿತ್ತು, ಬೇವಿನ ಬಟ್ಟಲಾ ಹಚ್ಚಿದ್ರ ಕಟ್ಟಿಗಿಯ ಸಣ್ಣ ತೂತಿನಾಗಿಂದನ ಗಾಳಿ ಹೋಗಿ ಧಪ್ ಅಂತ ಬೀಳತಿತ್ತು. ಪಂಕ್ಚರ್ ಅಂಗಡಿಯಾಂವ ತನ್ನ ಗಾಳಿ ಹೊಡಿಯೂ ಮಷಿನ್ನಿಗೆ ಏನೋ ನಳಿಗಿ ಕುಂಡ್ರಿಸಿ ಜಗ್ಗಿಸಿ ತೋರಿಸಿದ. ಜಗ್ಗೂದು ಛಲೋ ಜಗ್ಗಿತು, ಆದ್ರ ಅದರ ಸಪ್ಪಳಕ್ಕ ಓಣಿ ಮಂದಿ ಬಂದು ನಿಂತ್ರು. ಕಡೀಕ ಚಚಡಿ ಊರಾಗ ಒಬ್ಬರು ಆಕಳಾ ಮಾರಿ, ಹಾಲು ಹಿಂಡೂ ಮಷಿನ್ನೂ ಮಾರಾಕ ಹತ್ಯಾರಂತ ಸುದ್ದಿ ಬಂತು. ಅದೂ ಗಾಳಿ ಜಗ್ಗೂದ. ಇಬ್ಬರೂ ಟೆಂಪೋದಾಗ ಹ್ವಾದಿವಿ.

ಊರಿನ ಹಳೇ ವಾಡೇದ ಹಿಂದಿನ ಓಣಿ, ಖಾಲಿ ದನದ ಕೊಟಗಿ. ಮಾರೂವರು ಪಂಪು ಚಾಲೂ ಮಾಡಿ ಪೈಪಿನ ಬಾಯಿಗೆ ಅಂಗೈ ಇಡ್ರಿ ಅಂದ್ರು. ಇಟ್ಟೆ. ಕೈ ಕಿತಗೊಳ್ಳಾಕ ಆಗಲಿಲ್ಲ, ಯವ್ವಾ ಅಂದೆ. ಇವರು ಮದವಿ ದಿನಾ ನಕ್ಕಂಗ ನಕ್ಕರು. ಪಂಪಿನ ಸಂಗಡ ಒಂದು ಸಣ್ಣ ಟಾಕಿ ಇತ್ತು, ಜಂಗ ಹಿಡದಿತ್ತು. ಪಂಪು ನಿಂತ್ರೂ ಆ ಟಾಕಿ ಬಟ್ಟಲಾ ಇನ್ನಷ್ಟು ಹೊತ್ತು ಬಿಗಿ ಹಿಡದಿರತೈತಿ ಅಂತ ಮೊಬೈಲಿನಾಗ ನಾನೂ ನೋಡಿದ್ದೆ.

"ಟಾಕೀನೂ ತಗೋರಿ" ಅಂದೆ.

"ಅದನ್ನ ಬೆಸಿಗಿ ಹಾಕಸೂದು ಬ್ಯಾರೆ ರಗಳಿ. ಟಾಕಿ ಯಾಕ ಬೇಕು? ಕರೆಂಟ್ ಹೋದ್ರ ಪಂಪೂ ನಿಲ್ಲತೈತಿ, ಲೇತೂ ನಿಲ್ಲತೈತಿ" ಅಂದ್ರು.

ಟಾಕಿ ಬಿಟ್ಟು ಪಂಪಷ್ಟ ತಂದಿವಿ. ಅವರ ಮಾತು ಖರೇನ ಇತ್ತು. ಎರಡೂ ಒಂದ ಶೆಡ್ಡಿನಾಗ ಇದ್ದಿದ್ರ.

ಡಬ್ಬಿ ಇವರು ತಾವ ಮಾಡಿದ್ರು, ನೀರಿನ ಪೈಪಿನ ತುಂಡಿನಿಂದ. ಬಾಯಿಗೆ ನನ್ನ ಹಳೇ ಹವಾಯಿ ಚಪ್ಪಲ್ ಕೊರದು ಅಂಟಿಸಿದ್ರು. ಬಟ್ಟಲು ಕೂತ್ರ ಕೂತಂಗ. ಆದ್ರ ಶೆಡ್ಡಿನಾಗ ಹೊಟ್ಟಿನ ಧೂಳು, ಪಂಪಿಗೆ ಧೂಳು ಆಗಿಬರೂದಿಲ್ಲ. ಹಿಂಗಾಗಿ ಪಂಪನ್ನ ಮನಿಯೊಳಗ, ಪಡಸಾಲಿ ಮೂಲ್ಯಾಗ ಇಟ್ರು. ಗ್ವಾಡಿಗೆ ತೂತು ಹೊಡದು ಪೈಪನ್ನ ಶೆಡ್ಡಿಗೆ ಒಯ್ದ್ರು. ಲೇತಿಗೆ ಶೆಡ್ಡಿನ ದೊಡ್ಡ ಸ್ವಿಚ್ಚು, ಪಂಪಿಗೆ ಟಿವಿ, ಫ್ರಿಜ್ಜು, ಮಿಕ್ಸರ್ ಇರೂ ಮನಿ ಬೋರ್ಡು. ಯಾರಿಗೂ ಏನೂ ಹೊಳೀಲಿಲ್ಲ.

ನಮ್ಮ ಅತ್ತಿಯ ಒಂದು ರೂಢಿ ಹೇಳಬೇಕು. ನಾ ಮದವಿಯಾಗಿ ಬಂದ ಹೊಸದಾಗಿ ಸಿಡಿಲಿಗೆ ಬಾಜೂ ಮನಿ ಟಿವಿ ಸುಟ್ಟಿತ್ತು. ಅವತ್ತಿನಿಂದ ದೂರ ಸವದತ್ತಿ ಕಡೆ ಗುಡ್ಡದಾಗ ಗುಡುಗಿದ್ರೂ ಸಾಕು, ಅತ್ತಿ ಮಣಕಾಲು ನೋವು ಮರತು ಎದ್ದು ಮನಿಯೊಳಗಿನ ಪ್ಲಗ್ಗೆಲ್ಲಾ ಕೀಳತಿದ್ರು. "ಗುಡುಗಪ್ಪಗ ನಿಮ್ಮನ್ನ ಕಂಡ್ರ ಅಂಜಿಕಿ ಬಿಡ್ರಿ" ಅಂತ ನಾ ಚಾಷ್ಟಿ ಮಾಡತಿದ್ದೆ. ಇವರೂ ಹೊರಗ ಹೊಂಟಾಗ, "ಯವ್ವಾ, ಗುಡುಗಿದ್ರ ಪ್ಲಗ್ ತಗೀಬೇ" ಅಂತ ಹೇಳೇ ಹೋಗತಿದ್ರು.

ಬ್ಯಾಸಗಿ ಅಡ್ಡಮಳಿ ದಿನ. ಮಧ್ಯಾಹ್ನದಾಗ ಮಾಡ ಕಪ್ಪಾತು. ನಾ ಅಂಗಳದಾಗ ಅರಿವಿ ತಗ್ಯಾಕ ಹತ್ತಿದ್ದೆ. ಇವರು ಹುಣಸಿ ಕಟ್ಟಿಗಿ ಬಟ್ಟಲಿನ ತಳ ನುಣುಪು ಮಾಡತಿದ್ರು. ಹುಣಸಿ ಅಂದ್ರ ಕಲ್ಲು. ಗುಡುಗು ಒಂದ ಸಲ ಗುಡುಗಿತು. ನಾಕು ಅರಿವಿ ತಗಿಯೂದ್ರಾಗ ಶೆಡ್ಡಿನ್ಯಾಗ ಏನೋ ಒಡದಂಗ ಆತು, ಅವರು ಚೀರಿದ್ರು.

ಹೋಗಿ ನೋಡತೇನಿ, ನೆಲಕ್ಕ ಕುಂತಾರ, ಮಾರಿ ಮ್ಯಾಲೆ ಎರಡೂ ಕೈ, ಬಳ್ಳಿನ ಸಂದ್ಯಾಗ ರಗತ. ಚಷ್ಮಾದ ಚೂರು ಕೆಳಗ, ಹಾರಿದ ಬಟ್ಟಲು ಮಗ್ಗಲಕ. ಖಾಲಿ ಲೇತು ಗುಂಯ್ ಅಂತ ತಿರಗಾಕ ಹತ್ತಿತ್ತು. ಅದನ್ನ ಬಂದ್ ಮಾಡಿ ಅರಿವಿ ತರಾಕ ಮನಿಯೊಳಗ ಓಡಿದೆ. ಅತ್ತಿ ಬೋರ್ಡಿನ ಮುಂದ ನಿಂತಿದ್ರು, ಫ್ಯಾನಿನ ಗಾಳಿಗೆ ಸೆರಗು ಹಾರತಿತ್ತು. ಟಿವಿದು, ಫ್ರಿಜ್ಜಿಂದು, ಮಿಕ್ಸರಿಂದು, ಪಂಪಿಂದು, ನಾಕೂ ಪ್ಲಗ್ಗು ಕೆಳಗ ಜೋತಾಡಾಕ ಹತ್ತಿದ್ವು.

"ಎಲ್ಲಾ ತಗದೇನಿ, ಅಂಜಬ್ಯಾಡ" ಅಂದ್ರು.

ಬೆಳಗಾವಿ ದವಾಖಾನ್ಯಾಗ ಡಾಕ್ಟರು, ಇನ್ನ ಬೆಳಕು ಕತ್ತಲಿ ಅಷ್ಟ ಗೊತ್ತಾದೀತು ಅಂದ್ರು. ಪಟ್ಟಿ ಕಟಗೊಂಡು ಮಲಗಿದ್ದ ಇವರು, "ಕರೆಂಟ್ ಹೋಗಿತ್ತೇನು?" ಅಂತ ಕೇಳಿದ್ರು. "ಎಲ್ಲೀ ಕರೆಂಟ್ರಿ? ನಿಮ್ಮವ್ವ ಪ್ಲಗ್ ಕಿತ್ತಾರ" ಅಂದೆ.

ಅವರು ತಡವಿ ನನ್ನ ಮುಂಗೈ ಹಿಡದ್ರು. "ಅವ್ವಗ ಹೇಳಬ್ಯಾಡ. ಕರೆಂಟ್ ಹೋತು, ಬಟ್ಟಲು ಬಿತ್ತು, ಅಷ್ಟ. ಗೊತ್ತಾದ್ರ ಅಕಿ ಬದಕೂದಿಲ್ಲ. ನನ್ನ ಆಣಿ ಐತಿ."

ಆಣಿ ಹಾಕೂದು ಸುಲಭ. ಒಂದ ಮನ್ಯಾಗ ಅತ್ತಿಗೆ ರೊಟ್ಟಿ ಬಡದು ಹಾಕೊಂತ, ಆ ಮಾತನ್ನ ನುಂಗಿಕೊಂಡು ಇರಾಕಿ ನಾನು. ಮಾತು ಆಡಿದರ ಹೋತು, ಮುತ್ತು ಒಡದರ ಹೋತು ಅಂತ ನನಗ ನಾನ ಹೇಳಕೊಂಡೆ. ಆದ್ರೂ ಸಿಟ್ಟು ಎಲ್ಲಿ ಹೋಗಬೇಕು? ಅತ್ತಿ ಮ್ಯಾಲಿನ ಸಿಟ್ಟು ಕೊತ್ತಿ ಮ್ಯಾಲೆ ಅಂತಾರಲ್ಲ, ನಮ್ಮ ಮನ್ಯಾಗ ಕೊತ್ತೀನೂ ಇದ್ದಿಲ್ಲ, ಭಾಂಡೆ ಕುಕ್ಕತಿದ್ದೆ. ಇವರು ಪಡಸಾಲ್ಯಾಗ ಕುಂತು, ಮಾಡಿಟ್ಟ ಬಟ್ಟಲದ ಅಂಚನ್ನ ಹೆಬ್ಬಟ್ಟಿಲೆ ಸವರತಿದ್ರು, ತಳಕ್ಕ ಬಂದು ಕೈ ನಿಲ್ಲಸತಿದ್ರು. ನಾನು ಲಟ್ಟಣಿಗಿ ತಿರುವೂದು ಕಲತೆ, ಇವರು ಲೇತಿನ ಸಪ್ಪಳಾ ಕೇಳಿ "ಉಳಿ ಸಡಲ ಹಿಡಿ" ಅಂತಿದ್ರು. ಅತ್ತಿ ಮಗನಿಗೆ ತುತ್ತು ಮಾಡಿ ಉಣಿಸಿ, ಆ ಸುಡುಗಾಡ ಕರೆಂಟಿನವರನ್ನ ಬಯ್ಯತಿದ್ರು. ಒಂದೊಂದ ಸಲ ಆ ಬೈಗಳಾ ಕೇಳಿ ನನಗ ಚೀರಿಬಿಡೂವಷ್ಟು ಸಿಟ್ಟು ಬರತಿತ್ತು.

ಮರು ವರ್ಷ ಅಡ್ಡಮಳಿ ಬಂತು. ಅಡಗಿಮನ್ಯಾಗ ನಾನೂ ಅತ್ತೀನೂ ಅಕ್ಕಿಯೊಳಗಿನ ಹರಳಾ ಆರಸತಿದ್ದಿವಿ. ಗುಡುಗಿತು. ಅತ್ತಿ ಏಳಲಿಲ್ಲ. ಇನ್ನೊಮ್ಮೆ ಗುಡುಗಿತು. ಅವರ ಕೈ ಮೊರದಾಗಿನ ಅಕ್ಕಿ ಮ್ಯಾಲೆ ನಿಂತಲ್ಲೇ ನಿಂತಿತು.

ಪಡಸಾಲಿಯಿಂದ ಇವರು ಕೂಗಿದ್ರು, "ಯವ್ವಾ, ಗುಡುಗಾಕ ಹತ್ತೈತಿ, ಪ್ಲಗ್ ತಗೀಬೇ!"

ಯಾವಾಗಿನಂಗ ಕೂಗಿದ್ರು, ನಗಿ ತುಂಬಿಕೊಂಡು.

ಅತ್ತಿ ನನ್ನ ಕಡೆ ಬಗ್ಗಿ ಮೆಲ್ಲಕ ಅಂದ್ರು. "ಅವತ್ತ ಕರೆಂಟ್ ಹೋಗಿರಲಿಲ್ಲ, ಯವ್ವಾ. ನನ್ನ ನೆತ್ತಿ ಮ್ಯಾಲೆ ಫ್ಯಾನ್ ತಿರಗತಿತ್ತು."

ನಾ ಮೊರಾ ಮಗ್ಗಲಕ ಸರಿಸಿದೆ.

"ನನಗ ಗೊತ್ತೈತಿ ಅಂತ ಅಂವಗ ಹೇಳಬ್ಯಾಡ. ನಿನ್ನ ಕಾಲು ಬೀಳತೇನಿ. ಗೊತ್ತಾದ್ರ ನನ್ನ ಕೂಸು ತಡಕೊಳ್ಳೂದಿಲ್ಲ" ಅಂದ್ರು.

ಗ್ವಾಡಿ ಹಿಡಕೊಂಡು ಎದ್ರು. ಪಡಸಾಲಿಗೆ ಹೋಗಿ, ಮಗನಿಗೆ ಕೇಳೂವಂಗ ಒಂದೊಂದ ಪ್ಲಗ್ಗು ಜೋರಲೆ ಕಿತ್ತರು.

"ತಗದ್ನಪಾ," ಅಂದ್ರು. "ಎಲ್ಲಾ ತಗದ್ನಿ."

"ಛಲೋ ಆತು ಬಿಡಬೇ" ಅಂದ್ರು ಇವರು.