ಕಾಂತತೆಯ ಕಲಬೆರಕೆ

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿನ ಮೇಲೆ ಮದುವೆಯ ಕರೆಯೋಲೆಗಳನ್ನು ಹಿಡಿದುಕೊಂಡಿರುವ ಆನೆಗೊಂಬೆಯೊಂದಿದೆ. ಅದರ ಬೆನ್ನಿನ ಅಯಸ್ಕಾಂತಕ್ಕೆ ಮುಪ್ಪಡರಿ, ಓಲೆಯೊಂದು ಹೆಚ್ಚಾದರೆ ಸಾಕು, ಸಪರಿವಾರವಾಗಿ ನೆಲಕ್ಕಿಳಿಯುತ್ತದೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನಾನು ಅದನ್ನೆತ್ತಿ ಅಂಟಿಸುವಾಗಲೆಲ್ಲ, ಈ ಮನೆಯಲ್ಲಿ ಕಾಂತನ ಆಕರ್ಷಣೆ ಇಳಿಮುಖವಾಗಿದ್ದರೂ ಕಾಂತೆಯ ಕಾಂತತೆ ಕುಂದಿಲ್ಲವೆಂಬ ಹಳಸಲು ಶ್ಲೇಷೆಯನ್ನು ಹೊಸದೆಂಬಂತೆ ಒಪ್ಪಿಸುತ್ತೇನೆ. ನನ್ನ ಹೆಂಡತಿ ವತ್ಸಲಾ ನಗುವುದಿಲ್ಲ. ಅಯಸ್ಕಾಂತ ಅವಳ ಕಸುಬು. ಕಸುಬಿನ ವಿಷಯಕ್ಕೆ ಯಾರು ತಾನೆ ನಗುತ್ತಾರೆ?

ಅವಳು ಭೌತವಿಜ್ಞಾನಿ. ಲೋಹದ ಆಕ್ಸೈಡುಗಳ ಪುಡಿಯನ್ನು ಅರೆದು, ಬಿಲ್ಲೆ ಒತ್ತಿ, ಕುಲುಮೆಯಲ್ಲಿ ಬೇಯಿಸುತ್ತಾಳೆ. ನನ್ನಂಥ ಮಂದಮತಿಗೆ ಅವಳು ತಿಳಿಸಿಕೊಟ್ಟದ್ದು ಇಷ್ಟು: ಹಾಗೆ ಬೆಂದು ರೂಪುಗೊಂಡ ಹರಳಿನೊಳಗೆ ಕಬ್ಬಿಣದ ಪ್ರತಿ ಪರಮಾಣುವೂ ಒಂದು ಪುಟ್ಟ ಅಯಸ್ಕಾಂತ; ಎರಡರ ನಡುವೆ ದಲ್ಲಾಳಿಯಂತೆ ಕುಳಿತ ಆಮ್ಲಜನಕ ತುಸು ವಾಲಿದರೂ ಅವುಗಳ ಸಖ್ಯ ಬದಲಾಗುತ್ತದೆ. ಹೀಗೆ ರಚನೆ ಬಾಗಿದೊಡನೆ ಕಾಂತತೆಯೂ ಬದಲಾಗುವ, ಬರಿಯ ವಿದ್ಯುತ್ ಸ್ಪರ್ಶಕ್ಕೇ ಅಯಸ್ಕಾಂತ ದಿಕ್ಕು ಬದಲಿಸುವ ವಸ್ತುವೊಂದು ಕೈಗೆ ಸಿಕ್ಕರೆ, ನಮ್ಮ ಕಂಪ್ಯೂಟರುಗಳು ಇಷ್ಟೊಂದು ಕರೆಂಟು ನುಂಗಬೇಕಾಗಿಲ್ಲ.

ಅಂಥದ್ದರ ಸುಳಿವು ಸಿಕ್ಕಿದೆಯೆಂದು ವತ್ಸಲಾಳೂ ಅವಳ ಗುರುಗಳಾದ ರಂಗಸ್ವಾಮಿ ಮೇಷ್ಟರೂ ಜೊತೆಯಾಗಿ ಸಂಶೋಧನಾ ಲೇಖನ ಪ್ರಕಟಿಸಿದ್ದರು. ತಣಿಸುತ್ತ ಹೋದಂತೆ ಒಂದು ಹಂತದಲ್ಲಿ ಹರಳಿನ ರಚನೆ ಬಾಗುತ್ತಿತ್ತು. ಅಲ್ಲಿಯೇ ಕಾಂತತೆ ಜಿಗಿಯುತ್ತಿತ್ತು. ನಿವೃತ್ತರಾಗಿ, ಜಯಲಕ್ಷ್ಮಿಪುರಂನ ಮನೆಯಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಹಾಸಿಗೆ ಹಿಡಿದಿದ್ದ ಮೇಷ್ಟರಿಗೆ ಆ ಜಿಗಿತವೇ ಜೀವನೌಷಧ.

ಈಚೆಗೆ ವತ್ಸಲಾ ಅದೇ ವಸ್ತುವನ್ನು ಇನ್ನಷ್ಟು ಶುದ್ಧವಾಗಿ ತಯಾರಿಸಿ ಅಳೆದಳು. ರಚನೆ ಎಂದಿನಂತೆ ಬಾಗಿತು, ಕಾಂತತೆ ಮಿಸುಕಲಿಲ್ಲ. ಎಕ್ಸ್‌-ರೇ ಕಣ್ಣಿಗೂ ಬೀಳದಷ್ಟು ಅಲ್ಪ ಪ್ರಮಾಣದಲ್ಲಿ ಬೇರೊಂದು ಕಬ್ಬಿಣದ ಆಕ್ಸೈಡು ಹಳೆಯ ಬಿಲ್ಲೆಗಳಲ್ಲಿ ಬೆರೆತಿತ್ತು. ಜಿಗಿಯುತ್ತಿದ್ದದ್ದು ಆ ಕಲ್ಮಶ. ಅಂದು ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟಳು.

ಆ ಭಾನುವಾರ ಮೇಷ್ಟರನ್ನು ನೋಡಲು ಇಬ್ಬರೂ ಹೋದೆವು. ಸುದ್ದಿ ಹೇಗೋ ತಿಳಿದಿದ್ದ ಅವರ ಹೆಂಡತಿ ಸರೋಜಮ್ಮ ಗೇಟಿನ ಬಳಿಯೇ ವತ್ಸಲಾಳ ಕೈ ಹಿಡಿದರು.

"ಅವರು ಕೇಳೇ ಕೇಳ್ತಾರೆ. ಎಲ್ಲಾ ಸರಿಯಾಗಿದೆ ಅಂದ್ಬುಡು ಕಣಮ್ಮ. ಇನ್ನೆಷ್ಟು ದಿನ ಇರ್ತಾರೆ ಹೇಳು?"

ವತ್ಸಲಾ ತಲೆಯಾಡಿಸಿದಳು. ಒಪ್ಪಿದಳೆಂದೇ ನಾನು ತಿಳಿದೆ.

"ಹೊಸ ಸ್ಯಾಂಪಲ್ ಏನಂತು ವತ್ಸಲಾ?" ನಾವು ಒಳಗೆ ಹೋಗಿ ಹಾಸಿಗೆಯ ಪಕ್ಕ ಕೂರುವಷ್ಟರಲ್ಲೇ ಮೇಷ್ಟರು ಕೇಳಿದರು.

ಅವಳು ಬಾಯಿ ತೆರೆಯುವ ಮೊದಲೇ ನಾನು ಮೈಸೂರಿನ ಸೆಕೆಯ ಕುರಿತು ಒಂದು ಭವ್ಯವಾದ ವಾಕ್ಯವನ್ನು ಆರಂಭಿಸಿದೆ. ಮೇಷ್ಟರು ಕೈಯೆತ್ತಿ ನನ್ನನ್ನು ಕರ್ತೃಪದದಲ್ಲಿಯೇ ನಿಲ್ಲಿಸಿದರು.

"ಜಿಗಿತ ಇಲ್ಲ ಸರ್," ಎಂದಳು ವತ್ಸಲಾ. "ಹಳೇದ್ರಲ್ಲಿ ಇದ್ದಿದ್ದು ಕಲ್ಮಶ."

"ಮತ್ತೆ ಮಾಡಿ ನೋಡಿದ್ಯಾ?"

"ನೋಡ್ದೆ ಸರ್. ಬೇರೆ ಲ್ಯಾಬಲ್ಲೂ ಅಳೆಸ್ದೆ. ಇಲ್ಲ."

ಅವರು ಕಣ್ಣು ಮುಚ್ಚಿದರು. ಮೂಗಿನ ನಳಿಕೆಯಲ್ಲಿ ಆಮ್ಲಜನಕ ಸುಯ್ಯೆನ್ನುತ್ತಿತ್ತು.

"ಹಾಗಾದ್ರೆ ಲೇಖನ ವಾಪಸ್ ತಗೊಂಡ್ಬುಡು," ಎಂದರು. "ಅದ್ರ ಪ್ರಕಟಣೇಲಿ ನನ್ನ ಹೆಸರೂ ಹಾಕು." ಆಮೇಲೆ ಗೋಡೆಯ ಕಡೆಗೆ ಹೊರಳಿದರು. ನಾವು ಹೊರಟಾಗಲೂ ಇತ್ತ ತಿರುಗಲಿಲ್ಲ.

ವತ್ಸಲಾ ಹಾಗೆಯೇ ಮಾಡಿದಳು. ಆ ಪ್ರಕಟಣೆ ಅಚ್ಚಾಗುವ ಮೊದಲೇ ಮೇಷ್ಟರು ತೀರಿಕೊಂಡರು. ಸತ್ಯ ಹೇಳಿದರೆ ಮನಸ್ಸು ಹಗುರವಾಗುತ್ತದೆಂದು ನಾನು ತರಗತಿಯಲ್ಲಿ ಎಷ್ಟು ಸಲ ಉಪದೇಶಿಸಿದ್ದೇನೋ, ಓದುಗ ಮಿತ್ರರೇ. ಹಗುರವಾಗುವುದು ಯಾರ ಮನಸ್ಸು ಎಂದು ಒಬ್ಬ ವಿದ್ಯಾರ್ಥಿಯೂ ನನ್ನನ್ನು ಕೇಳಿರಲಿಲ್ಲ.

ಉತ್ತರಕ್ರಿಯೆಯ ಊಟಕ್ಕೆ ಕುಳಿತಿದ್ದೆವು. ಸರೋಜಮ್ಮ ವತ್ಸಲಾಳ ಎಲೆಯ ಮುಂದೆ ಬಂದು ನಿಂತರು. ದನಿಯಲ್ಲಿ ಕೋಪವಿರಲಿಲ್ಲ.

"ಅವತ್ತಿಂದ ಅವರು ಗಂಜೀನೂ ಮುಟ್ಲಿಲ್ಲ ಕಣಮ್ಮ," ಎಂದರು. ಬಳಿಕ ಬಡಿಸುವವನನ್ನು ಕರೆದು, "ಇವಳಿಗೆ ಇನ್ನೊಂಚೂರು ಅನ್ನ ಹಾಕಪ್ಪ," ಎಂದರು.

ವತ್ಸಲಾ ಬೇಡವೆನ್ನಲಿಲ್ಲ. ತಲೆ ತಗ್ಗಿಸಿ, ಎಲೆಗೆ ಬಿದ್ದದ್ದನ್ನೆಲ್ಲ ಒಂದಗುಳೂ ಬಿಡದಂತೆ ಉಂಡಳು.