ಜೇಕು ಎಂದು ಕಿತ್ತದ್ದು

ಗಂಗಾವತಿ ಹತ್ತಿರ ಶ್ರೀರಾಮನಗರದ ಈ ಮನೆಗೆ ನಾನು ಎರಡನೇ ಹೆಂಡತಿಯಾಗಿ ಬಂದವಳು. ಮೊದಲಿನಾಕೆ ಜಡ್ಡಿನಲ್ಲಿ ತೀರಿಕೊಂಡು ವರ್ಷ ದಾಟಿತ್ತು. ಅವಳು ಬಿಟ್ಟುಹೋದದ್ದು ಏಳು ವರ್ಷದ ಮಗಳನ್ನು, ಮತ್ತು ಹಿತ್ತಲ ತುಂಬ ಗಿಡಗಳನ್ನು. ಹುಡುಗಿ ನನ್ನ ಹತ್ತಿರ ಸುಳಿಯುತ್ತಿರಲಿಲ್ಲ. ಗಿಡಗಳಲ್ಲಿ ಅರ್ಧಕ್ಕರ್ಧ ನನಗೆ ಗುರುತೇ ಇರಲಿಲ್ಲ. ಕುಷ್ಟಗಿ ಕಡೆಯ ಒಣಬೇಸಾಯದ ಮನೆಯವಳಿಗೆ ಸಜ್ಜೆ ಗೊತ್ತು, ತೊಗರಿ ಗೊತ್ತು. ವರ್ಷವಿಡೀ ಕಾಲುವೆ ನೀರು ಕುಡಿದ ಹಿತ್ತಲು ಹೇಗೆ ಗೊತ್ತಾಗಬೇಕು?

ಎಲೆ ಹೊಸಕಿ ಮೂಸಿ, ಬಾಯಿಗೆ ಬಂದ ಹೆಸರು ಹೇಳುತ್ತ ಓಡಾಡುತ್ತಿದ್ದೆ. ಒಂದು ಸಂಜೆ ಒಂದು ಗಿಡಕ್ಕೆ ಅರಿಶಿನ ಎಂದೆ. ಬಾಗಿಲ ಹಿಂದಿದ್ದ ಹುಡುಗಿಗೆ ತಡೆಯಲಾಗಲಿಲ್ಲ. ಹೊರಗೆ ಬಂದು, ಅದು ಅರಿಶಿನವಲ್ಲ, ಮಾವಿನಶುಂಠಿ ಎಂದಳು. ಅಂದಿನಿಂದ ಶಾಲೆ ಬಿಟ್ಟ ಮೇಲೆ ನನ್ನ ಕೈ ಹಿಡಿದು ದಿನಕ್ಕೊಂದು ಗಿಡ ಹೇಳಿಕೊಡತೊಡಗಿದಳು. ಹುಟ್ಟಿದಾಗಿನಿಂದ ತಿಂದ ಪುಂಡಿಪಲ್ಲೆಯನ್ನೂ ಬೇಕೆಂದೇ ಇದೇನಿದು ಎಂದು ಕೇಳಿದೆ. ಪುಂಡಿ, ಪಕ್ಕದ ಮನೆಯ ತೆಲುಗರು ಗೋಂಗೂರ ಅಂತಾರೆ, ನಿನಗೆ ಏನೂ ಗೊತ್ತಿಲ್ಲ ಎಂದು ನಕ್ಕಳು. ಖರೇ ಹೇಳಬೇಕೆಂದರೆ ನನಗೆ ಗಿಡಗಳು ಬೇಕಿರಲಿಲ್ಲ, ಆ ಪುಟ್ಟ ಕೈ ಬೇಕಿತ್ತು.

ಬೇಸಿಗೆ ರಜೆಗೆ ಅವಳು ಯಲಬುರ್ಗಾದ ಅಜ್ಜಿಯ ಮನೆಗೆ ಹೋದಳು. ಬರುವಷ್ಟರಲ್ಲಿ ಹಿತ್ತಲು ಚಂದ ಮಾಡಿಡಬೇಕೆಂದು ಸೆರಗು ಸಿಕ್ಕಿಸಿ ಕೂತೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಹುಲ್ಲಿನಂಥ ಸಣ್ಣ ಎಲೆಗಳಿದ್ದವು. ಕಿತ್ತರೆ ಕೆಳಗೆ ಕಪ್ಪು ಸಿಪ್ಪೆಯ ಪುಟ್ಟ ಗಡ್ಡೆಗಳು. ಜೇಕು! ನನ್ನಪ್ಪನ ಹೊಲದಲ್ಲಿ ಆ ಹಾಳು ಕಳೆಯ ಒಂದು ಗಡ್ಡೆ ಉಳಿದರೂ ಬೈಗುಳ ತಪ್ಪುತ್ತಿರಲಿಲ್ಲ. ಅಗೆದು ತೆಗೆದು ಸುಡಲೇಬೇಕು. ಮೊಳದಷ್ಟು ಆಳ ಅಗೆದೆ, ಒಂದು ಬುಟ್ಟಿ ಆರಿಸಿದೆ, ಬಿಸಿಲಿಗೆ ಒಣಗಿಸಿ ಬಚ್ಚಲ ಒಲೆಗೆ ಹಾಕಿದೆ. ಹುಡುಗಿ ಊರಿಂದ ಬಂದ ದಿನ ಅದೇ ಉರಿಯಲ್ಲಿ ಕಾದ ನೀರು ತೋಡಿ ಅವಳಿಗೆ ಎರೆದೆ.

ಮೊದಲ ಮಳೆ ಬಿತ್ತು. ಮರುದಿನದಿಂದ ಅವಳು ಆ ಕಲ್ಲಿನ ಹತ್ತಿರವೇ ಕುಕ್ಕರಗಾಲಲ್ಲಿ ಕೂತಳು. ನಾಲ್ಕನೇ ದಿನ ಏನು ನೋಡುತ್ತೀ ಎಂದು ಕೇಳಿದೆ.

"ಅವ್ವ ದವಾಖಾನಿಗೆ ಹೋಗೂವಾಗ ಹೇಳ್ಯಾಳ. ಮಳಿ ಆದ ಮ್ಯಾಲೆ ಇಲ್ಲಿ ಹೂವು ಬರ್ತಾವ, ಅವನ್ನ ನೋಡಿದ್ರ ನನ್ನ ನೋಡಿದಂಗ ಅಂತ. ಹ್ವಾದ ವರ್ಷ ಬಂದಿದ್ವು. ಅರಳಿದ ಮ್ಯಾಲೆ ನಿನಗ ತೋರಸ್ಬೇಕಂತ ಹೇಳಿರಲಿಲ್ಲ."

ಸುಳ್ಳು ಹೇಳಬಹುದಿತ್ತು. ಇಲಿ ತಿಂದಿರಬೇಕು ಎಂದರೆ ನಂಬುತ್ತಿದ್ದಳು.

"ಜೇಕು ಅಂತ ತಿಳಿದು ನಾನ ಕಿತ್ತೀನಿ. ಸುಟ್ಟೂ ಬಿಟ್ಟೀನಿ."

"ಎಲ್ಲಾ?"

"ಎಲ್ಲಾ."

ಅವಳು ಅಳಲಿಲ್ಲ. ಎದ್ದು ಒಳಗೆ ಹೋದಳು. ನಾನು ಎಂಟು ದಿನ ಆ ಮಣ್ಣನ್ನು ಬೆರಳಲ್ಲಿ ಜಾಲಾಡಿದೆ. ಒಂದು ಗಡ್ಡೆಯಾದರೂ ಉಳಿದಿರಬಾರದೇ! ನನ್ನ ಕೈಗೆ ಬೆಂಕಿ ಬೀಳಲಿ, ಕಸ ತೆಗೆದರೆ ಅಷ್ಟು ಶುದ್ಧ ತೆಗೆಯುತ್ತದೆ. ಆಮೇಲೆ ಹಿತ್ತಲಲ್ಲಿ ಅವಳು ನನ್ನ ಕೈ ಹಿಡಿಯಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಹಾಕಿದ್ದನ್ನು ಉಣ್ಣುತ್ತಿದ್ದಳು. ಒಂದು ಮಾತೂ ಎದುರಾಡಲಿಲ್ಲ. ಎದುರಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಐದಾರು ವರ್ಷ ಹೀಗೇ ಹೋದವು. ಕಳೆದ ವರ್ಷ ಆನೆಗೊಂದಿಯಲ್ಲಿ ಒಬ್ಬರ ಅಂಗಳದಲ್ಲಿ ಅಂಥದೇ ಎಲೆ ಕಂಡೆ. ಗುಲಾಬಿ ಬಣ್ಣದ ಹೂ ಬಿಡುತ್ತದೆ, ಮಳೆ ಬಂದಾಗ ಮಾತ್ರ ಎಂದರು. ಕೈಯೊಡ್ಡಿ ಬೇಡಿ ಹತ್ತು ಗಡ್ಡೆ ತಂದು ಅದೇ ಕಲ್ಲಿನ ಪಕ್ಕ ಊರಿದೆ. ಈ ವರ್ಷ ಮಳೆಯಾದ ನಾಲ್ಕನೇ ಬೆಳಿಗ್ಗೆ ಅರಳಿದವು. ಹೈಸ್ಕೂಲಿಗೆ ಹೊರಟಿದ್ದವಳನ್ನು ಕರೆದೆ. ಬಂದು ಅದೇ ಹಳೆಯ ರೀತಿಯಲ್ಲಿ ಕೂತಳು, ಬಹಳ ಹೊತ್ತು ನೋಡಿದಳು. ಒಂದು ಹೂವನ್ನು ಬೆರಳ ತುದಿಯಲ್ಲಿ ಮುಟ್ಟಿದಳು.

"ಭಾಳ ಛಲೋ ಅದಾವ, ಚಿಗವ್ವ," ಎಂದಳು. "ಆದ್ರ ಇವು ನಿನ್ನ ಹೂವು."