ನೀಲತ್ತೆಗಾಗಿ ಕೆಳಗಿಳಿದ ಗಾಡಿ

ನಾನು ನಾಲ್ಕನೇ ಇಯತ್ತೆ ಓದುತ್ತಿದ್ದ ಕಾಲಕ್ಕೆ ನಮ್ಮ ಕಡೆ ಗಂಡಸಿನ ಮರ್ಯಾದೆಯನ್ನು ಅವನ ಗಾಡಿಯ ಎತ್ತರದಿಂದ ಅಳೆಯುತ್ತಿದ್ದರು. ಸುಳ್ಳಲ್ಲ. ಯಲಬುರ್ಗಿಯಿಂದ ತಾವರಗೇರಾವರೆಗೆ ಯಾವನೇ ಒಂದು ಪಿಕಪ್ಪು ಕೊಂಡರೂ ಮೊದಲು ಮಿಸ್ತ್ರಿಯ ಹತ್ತಿರ ಓಡುತ್ತಿದ್ದ. ಗಾಲಿಯ ಮೇಲೆ ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪಟ್ಟಿಗಳಿರುತ್ತವಲ್ಲ, ನಾವು ಪಾಟಾ ಅನ್ನುತ್ತಿದ್ದೆವು, ಅವಕ್ಕೆ ಇನ್ನೆರಡು ಸೇರಿಸಿ ಗಾಡಿ ಎತ್ತರಿಸುವುದು. ಪಾಟಾ ಹೆಚ್ಚಾದಷ್ಟೂ ಚೀಲ ಹೆಚ್ಚು ಹೇರಬಹುದು. ಅಂಥ ಕಾಲದಲ್ಲಿ ನಮ್ಮಪ್ಪ ಪಾಟಾ ತೆಗೆಸಿ ಗಾಡಿಯನ್ನು ಕೆಳಗಿಳಿಸಿದ. ಊರು ನಕ್ಕಿತು. ನಕ್ಕವರ ಹೆಸರು ನನಗೆ ಇವತ್ತಿಗೂ ಬಾಯಿಪಾಠ. ಬರೆಯುವುದಿಲ್ಲ, ಅಷ್ಟೇ.

ನಮ್ಮದು ಉದ್ದ ಮೂಗಿನ ಹಳೇ ಹಸಿರು ಪಿಕಪ್ಪು, ಅಪ್ಪ ಹರಾಜಿನಲ್ಲಿ ತಂದದ್ದು. ಒಳಗೆ ಕೂತರೆ ಶೇಂಗಾ ಹೊಟ್ಟಿನ ಧೂಳು, ಸುಟ್ಟ ಆಯಿಲ್ಲು, ಅಪ್ಪ ಮುಂದೆ ಸಿಗಿಸಿ ಮರೆತ ಮಿರ್ಚಿಭಜಿಯ ಕಾಗದ, ಮೂರರ ವಾಸನೆಯೂ ಕೂಡಿ ಮೂಗಿಗೆ ಹೊಡೆಯುತ್ತಿತ್ತು. ನನಗೆ ಅದಕ್ಕಿಂತ ಒಳ್ಳೆಯ ವಾಸನೆ ಗೊತ್ತಿರಲಿಲ್ಲ. ನಿಂತ ಗಾಡಿಯ ಹಿಂಬದಿಯಿಂದ ಜಿಗಿಯುವುದು ನಮ್ಮ ಓಣಿ ಹುಡುಗಿಯರ ಆಟ. ಯಾರು ದೂರ ಜಿಗಿದರೆಂದು ಕಟ್ಟೆಯ ಮೇಲೆ ಕೂತು ತೀರ್ಪು ಕೊಡುವವಳು ನೀಲತ್ತೆ, ಅಪ್ಪನ ತಂಗಿ. ಮೂರು ವರ್ಷದವಳಿದ್ದಾಗ ಪೋಲಿಯೊ ಆಗಿ ಅವಳ ಬಲಗಾಲು ಸೊರಗಿತ್ತು. ಬಗಲಿಗೆ ಬಡಿಗೆ ಕೊಟ್ಟುಕೊಂಡು ನಡೆಯುತ್ತಿದ್ದಳು. ಕಾಲು ಸೊರಗಿತ್ತೇ ಹೊರತು ಬಾಯಿ ಸೊರಗಿರಲಿಲ್ಲ.

ಆ ಬೇಸಿಗೆಯಲ್ಲಿ ಅವಳಿಗೆ ಯಲಬುರ್ಗಿಯ ಒಂದು ಸರಕಾರಿ ಕಚೇರಿಯಲ್ಲಿ ಟೈಪಿಸ್ಟ್ ನೌಕರಿ ಬಂತು. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಅಪ್ಪ ಹಿಗ್ಗಿನಲ್ಲಿ ಅಂದ, "ಬಸ್ಸಿನ ಕಾಟಾನ ಬ್ಯಾಡ. ದಿನಾ ನಾನ ಎತ್ತಿ ಗಾಡ್ಯಾಗ ಕುಂದರಸ್ತೀನಿ, ಅಲ್ಲಿ ಎತ್ತಿ ಇಳಸ್ತೀನಿ."

ನೀಲತ್ತೆಯ ಮುಖ ಕೆಂಪಾಯಿತು.

"ಅಣ್ಣಾ, ಚೀಲ ಎತ್ತಿದಂಗ ನನ್ನ ಎತ್ತಿದ್ದು ಸಾಕು. ಇಪ್ಪತ್ನಾಕು ವರ್ಷ ಎತ್ತಿಸ್ಕೊಂಡೀನಿ. ಆ ಆಫೀಸಿನ ಮುಂದ ನಾನ ಹತ್ತಬೇಕು, ನಾನ ಇಳೀಬೇಕು. ಇಲ್ಲಾಂದ್ರ ನನಗ ನೌಕ್ರಿನೂ ಬ್ಯಾಡ."

"ಎತ್ತಿದ್ರ ಏನ್ ಸವದು ಹೋಗ್ತಿಯೇನ?" ಎಂದು ಅಜ್ಜಿ ಒಳಗಿನಿಂದಲೇ ಗದರಿಸಿದಳು. "ಸರಕಾರಿ ನೌಕ್ರಿ ಬಾಗಲಿಗೆ ಬಂದೈತಿ, ಒದೀತಾಳಂತ!"

"ಒದಿಯಾಕ ಕಾಲಾದ್ರೂ ಎಲ್ಲೈತಿ ಬೇ?" ಅಂದಳು ನೀಲತ್ತೆ.

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಜ್ಜಿ ನಗಲಿಲ್ಲ. ಅಪ್ಪ ಎರಡು ದಿನ ಗಾಡಿಯ ಕಡೆ ನೋಡುತ್ತಲೇ ರೊಟ್ಟಿ, ಪುಂಡಿಪಲ್ಯ ತಿಂದು ಎದ್ದು ಹೋದ. ಮೂರನೇ ದಿನ ನನ್ನನ್ನು ಕರೆದು ಕೈಗೊಂದು ದಾರ ಕೊಟ್ಟ. ನೀಲತ್ತೆ ಬಡಿಗೆ ಊರಿ, ಎಡಗಾಲನ್ನು ಎಷ್ಟು ಎತ್ತಲು ಸಾಧ್ಯವೋ ಅಷ್ಟು ಎತ್ತಿ ಗೋಡೆಗೆ ತಾಗಿಸಿದಳು. ನೆಲದಿಂದ ಅಲ್ಲಿಯವರೆಗೆ ನಾನು ದಾರ ಹಿಡಿದು ಗಂಟು ಹಾಕಿದೆ. ಗಾಡಿಯ ಮೆಟ್ಟಿಲು ಆ ಗಂಟಿಗೆ ಇಳಿಯಬೇಕು, ಅದೇ ಲೆಕ್ಕ.

ತಳಕಲ್ ರಸ್ತೆಯ ಮೌನೇಶ ಮಿಸ್ತ್ರಿ ಅಪ್ಪನ ಜೊತೆ ಸಾಲಿ ಕಲಿತವನು. ದಾರ ನೋಡಿ, ಗಾಡಿ ನೋಡಿ, ತಲೆ ಕೆರೆದುಕೊಂಡ.

"ಊರ ಮಂದೆಲ್ಲಾ ಏರಸ್ತಾರ, ನೀ ಇಳಸಂತಿ. ತಲಿ ನೆಟ್ಟಗ ಐತಿಲ್ಲೋ?"

"ನನ್ನ ತಲಿ ಆಮ್ಯಾಲ ನೋಡು. ಮೊದಲ ಪಾಟಾ ಬಿಚ್ಚು."

ದಿನವಿಡೀ ಬಿಚ್ಚಿದರು. ಜಂಗು ತಿಂದ ನಟ್ಟುಗಳಿಗೆ ಸೀಮೆಎಣ್ಣೆ ಸುರಿದು, ಸುತ್ತಿಗೆಯಿಂದ ಬಡಿದು, ಒಂದೊಂದು ಗಾಲಿಯಿಂದ ಒಂದೊಂದು ಪಾಟಾ ಹೊರಗೆ ತೆಗೆದರು. ಈಗ ಅಪ್ಪನ ಪದ್ಧತಿಯೊಂದನ್ನು ಹೇಳಬೇಕು. ಖಾಲಿ ಗಾಡಿ ಮನೆಗೆ ತರಬಾರದು, ಲಕ್ಷ್ಮಿ ಮುನಿಸಿಕೊಳ್ಳುತ್ತಾಳೆ. ನಮ್ಮ ಕಡೆಯ ಗಾಡಿಯವರಲ್ಲಿ ಇದನ್ನು ನಂಬದವರು ಕಡಿಮೆ. ಹೀಗಾಗಿ ಕೆಲಸ ಮುಗಿದ ಮೇಲೆ ಅಲ್ಲೇ ಇಳಿಸಿಟ್ಟಿದ್ದ ಇಪ್ಪತ್ತು ಚೀಲ ಶೇಂಗಾವನ್ನು ಅಪ್ಪ ತಿರುಗಿ ಹೇರಿದ. ಆಮೇಲೆ ದಾರ ಹಿಡಿದು ನೋಡಿದರೆ ಮೆಟ್ಟಿಲು ಸರಿಯಾಗಿ ಗಂಟಿಗೆ ಬಂದಿತ್ತು. ಮಿಸ್ತ್ರಿ ಮೀಸೆ ತಿರುವಿದ.

ಸಂಜೆ ನೀಲತ್ತೆ ಬಾಗಿಲು ಹಿಡಿದು, ಎಡಗಾಲು ಇಟ್ಟು, ಒಂದೇ ಉಸಿರಿಗೆ ಒಳಗೆ ಕೂತಳು. ಕೂತವಳು ಹಾರ್ನ್ ಒತ್ತಿದ್ದೇ ಒತ್ತಿದ್ದು. ಅವ್ವ ಕಾಯಿ ಒಡೆದಳು. ಮರುದಿನ ಅಪ್ಪ ಚೀಲಗಳನ್ನು ಆ ಶೇಂಗಾದ ಧಣಿಯ ಮನೆಗೆ ಮುಟ್ಟಿಸಿ ಬಂದ. ಅಂದು ಮಾತ್ರ ಪದ್ಧತಿ ಮುರಿದು ಖಾಲಿ ಗಾಡಿ ತಂದ, ತಂಗಿಯ ಹೊಸ ಸೀರೆ ಧೂಳಾಗದಿರಲಿ ಎಂದು ಅದನ್ನು ತೊಳೆದ.

ಸೋಮವಾರ ಹಾಜರಾಗುವ ದಿನ. ನೀಲತ್ತೆ ಬಂದು ಕಾಲೆತ್ತಿದಳು. ಮೆಟ್ಟಿಲು ಸಿಗಲಿಲ್ಲ. ಮತ್ತೊಮ್ಮೆ ಎತ್ತಿದಳು. ನಾಲ್ಕು ಬೆರಳು ಕಡಿಮೆ. ಮೂರನೇ ಸಲ ಬಡಿಗೆ ಜಾರಿ ಬಾಗಿಲಿಗೆ ಹಣೆ ಬಡಿಯಿತು. ಓಣಿಯ ಮಂದಿಯೆಲ್ಲ ನಿಂತು ನೋಡುತ್ತಿದ್ದರು. ಅಪ್ಪ ಎರಡೂ ಕೈ ಚಾಚಿದ.

"ಇವತ್ತೊಂದಿನ, ನೀಲಾ. ಹೊತ್ತಾಗ್ತೈತಿ."

"ಮುಟ್ಟಿದ್ರ ನೋಡು ಮತ್ತ!"

ಅವಳ ಕಣ್ಣಲ್ಲಿ ನೀರಿತ್ತು, ಆದರೆ ಧ್ವನಿ ನಡುಗಲಿಲ್ಲ. ನನಗೆ ತಟ್ಟನೆ ಹೊಳೆಯಿತು. "ಅಪ್ಪಾ, ಅಳತಿ ಮಾಡುವಾಗ ಚೀಲ ಇದ್ವು!" ಎಂದು ಕೂಗಿದೆ. ಭಾರಕ್ಕೆ ತಗ್ಗಿದ್ದ ಗಾಡಿ ಖಾಲಿಯಾದೊಡನೆ ಮೇಲೆದ್ದಿತ್ತು. ಅಪ್ಪ ಹಣೆ ಹಣೆ ಬಡಿದುಕೊಂಡ.

"ಹಂಗಾರ ಕಲ್ಲು ಹೇರ್ರಿ," ಅಂದಳು ನೀಲತ್ತೆ. "ನಮ್ಮ ಹೊಲದಾಗ ಬೆಳಿಯೂದ ಅದು. ಹೇರ್ರಿ!"

ಹಿತ್ತಲಲ್ಲಿ ಬಿದ್ದ ಗೋಡೆಯ ಕಲ್ಲುಗಳಿದ್ದವು. ಅಪ್ಪ ಹೊತ್ತ, ಅವ್ವ ಹೊತ್ತಳು, ನಾವು ಹುಡುಗಿಯರು ಸಾಲು ಹಿಡಿದು ಹೊತ್ತೆವು. ಅಜ್ಜಿ ಬೈಯುತ್ತಲೇ ಸೆರಗಿನಲ್ಲಿ ಸಣ್ಣ ಕಲ್ಲು ತುಂಬಿಕೊಂಡು ಬಂದಳು. "ಹೆಣ್ಣ ಹಡದೆನೋ, ಹಟಾ ಹಡದೆನೋ!" ಗಾಡಿ ಕಿರುಗುಟ್ಟುತ್ತ ಇಳಿಯಿತು. ನಾನು ದಾರ ಹಿಡಿದೆ. ನೀಲತ್ತೆ ಹತ್ತಿದಳು.

ಯಲಬುರ್ಗಿಯ ಕಚೇರಿಯ ಮುಂದೆ ಒಬ್ಬ ಜವಾನ ಓಡಿ ಬಂದು ಕೈ ಚಾಚಿದ. ನೀಲತ್ತೆ ಬಡಿಗೆ ತೋರಿಸಿ, "ಅಲ್ಲೇ ನಿಂದರ್ರಿ" ಅಂದಳು. ಮೊದಲು ಬಡಿಗೆ, ಆಮೇಲೆ ಕಾಲು, ಆಮೇಲೆ ತಾನು. ಇಳಿದು, ನೆರಿಗೆ ಸರಿಮಾಡಿಕೊಂಡು, ಹಿಂತಿರುಗಿ ನೋಡದೆ ಒಳಗೆ ಹೋದಳು.

"ಈ ಕಲ್ಲು ಯಾಕ್ರಿ?" ಎಂದು ಜವಾನ ಕೇಳಿದ.

"ಹೊಸಾ ಟೈಪಿಸ್ಟ್ ಬಾಯಾರ ಲಗೇಜು," ಅಂದ ಅಪ್ಪ.

ಅಂದು ಸಂಜೆಯೇ ಅವನು ಇನ್ನೊಂದೊಂದು ಪಾಟಾ ತೆಗೆಸಿದ. ಆಮೇಲೆ ಆ ಗಾಡಿ ಮೊದಲಿನ ಅರ್ಧ ಭಾರವನ್ನೂ ಹೊರಲಿಲ್ಲ. ಬದು ದಾಟುವಾಗ ಹೊಟ್ಟೆ ಉಜ್ಜುತ್ತಿತ್ತು. "ಏನೋ, ಗಾಡಿ ಬಸುರಾಗೇತೇನು?" ಎಂದು ಮಂದಿ ಕಿಚಾಯಿಸುತ್ತಿದ್ದರು. "ಹೂಂ, ಹುಟ್ಟಿದ್ದಕ್ಕ ನಿನ್ನ ಹೆಸರ ಇಡ್ತೀನಿ," ಅನ್ನುತ್ತಿದ್ದ ಅಪ್ಪ. ಹನ್ನೊಂದು ವರ್ಷ ನೀಲತ್ತೆ ತಾನಾಗಿ ಹತ್ತಿದಳು, ತಾನಾಗಿ ಇಳಿದಳು.

ಅಪ್ಪ ಈಗಿಲ್ಲ, ಗಾಡಿ ಗುಜರಿಗೆ ಹೋಯಿತು, ನೀಲತ್ತೆ ನಿವೃತ್ತಳಾಗಿದ್ದಾಳೆ. ಹೋದ ತಿಂಗಳು ಸಿದ್ದಾಪುರದಲ್ಲಿ ಲಗ್ನವೊಂದಿತ್ತು. ನನ್ನ ತಮ್ಮ ಹೊಸ ಕಾರು ತಂದಿದ್ದ. ಅದೆಂಥ ಎತ್ತರ, ನನಗೇ ಹತ್ತಲು ಕಷ್ಟ. ನಾವು ಮಾತಾಡುತ್ತಿರುವಂತೆಯೇ ಅವನು ಬಂದು, ಕೇಳದೆ, ನೀಲತ್ತೆಯ ಕಂಕುಳಿಗೆ ಕೈ ಹಾಕಿ ಎತ್ತಿ ಸೀಟಿನಲ್ಲಿಟ್ಟ. ಒಳ್ಳೆಯವನೇ, ಪ್ರೀತಿಯಿಂದಲೇ ಎತ್ತಿದ. ಅವಳು ಬೈಯುತ್ತಾಳೆಂದು ಕಾದೆ. ಅವಳು ಸೆರಗು ಸರಿಮಾಡಿಕೊಂಡು ಕಿಟಕಿಯ ಕಡೆ ನೋಡಿದಳು.

"ಕೇಳಾಕ ಏನಾಗಿತ್ತೋ ನಿನಗ?" ಎಂದು ನಾನು ತಮ್ಮನ ಮೇಲೆ ಹರಿಹಾಯ್ದೆ. ಅವನಿಗೆ ಏನೂ ತಿಳಿಯಲಿಲ್ಲ. ಕಲ್ಲು ಹೊತ್ತ ದಿನ ಅವನಿನ್ನೂ ಹುಟ್ಟಿರಲಿಲ್ಲ, ಗಾಡಿ ಗುಜರಿಗೆ ಹೋದಾಗ ಸಣ್ಣ ಕೂಸು.

"ಬಿಡವಾ," ಅಂದಳು ನೀಲತ್ತೆ. "ಇನ್ನ ಯಾರ ಕೂಡ ಜಗಳ ಆಡ್ಲಿ?"

ಜಗಳ ನನ್ನೊಳಗೆ ಇನ್ನೂ ಇದೆ, ಬಿಡುವವಳು ನಾನಲ್ಲ. "ಇಳಸೋ ಆಕಿನ್ನ!" ಎಂದು ಕೂಗಿ ಕಾರಿನ ಮುಂದೆ ಅಡ್ಡ ನಿಂತೆ. ನಿಂತ ಮೇಲಷ್ಟೇ ನನಗೆ ಹೊಳೆಯಿತು. ಇಳಿಸಬೇಕೆಂದರೂ ಅವನೇ ಅವಳನ್ನು ಎತ್ತಬೇಕಿತ್ತು.